ಆರು ವರುಷದ ದವಡೆಹಲ್ಲೂ ನಮ್ಮ ಹೊಣೆಯೂ

ಮಗುವಿನ ಹಾಲುಹಲ್ಲು ಬಿದ್ದ ದಿವಸ ನಮ್ಮ ಮನೆಗಳಲ್ಲಿ ಒಂದು ಸಣ್ಣ ಸಂಭ್ರಮವೇ ನಡೆಯುವದು. ಅಜ್ಜಿಯಾದವಳು ಆ ಹಲ್ಲನ್ನು ಸೆಗಣಿಯ ಉಂಡೆಯಲ್ಲಿ ಮುಚ್ಚಿಸಿ ಮಾಳಿಗೆಯ ಮೇಲೆ ಎಸೆಯ ಹೇಳುವಳು. ಮಗುವು ಬರಿದಾದ ಸಂದಿಯಲ್ಲಿ ನಾಲಿಗೆಯಾಡಿಸುತ್ತ ಓಣಿಯವರಿಗೆಲ್ಲ ತೋರಿಸಿ ಬರುವದು. ಅದಕ್ಕೂ ಮುಂಚೆ, ಕೂಸು ಎಂಟೊಂಬತ್ತು ತಿಂಗಳದ್ದಿದ್ದಾಗ, ಬಂದ ಜ್ವರ ಭೇದಿಗಳನ್ನೆಲ್ಲ ಮೂಡುವ ಹಲ್ಲಿನ ಮೇಲೆಯೇ ಹೊರಿಸಿ ಸಮಾಧಾನ ತಾಳಿದವರೂ ನಾವೇ. ಹೀಗೆ ಬರುವ ಹಾಲುಹಲ್ಲಿಗೂ ಹೋಗುವ ಹಾಲುಹಲ್ಲಿಗೂ ಮನೆಯಲ್ಲಿ ಮರ್ಯಾದೆಯುಂಟು. ಆದರೆ ಮಗುವಿನ ಆರನೆಯ ವರುಷದ ಸುಮಾರಿಗೆ, ಬಾಯಿಯ ಹಿಂಬದಿಯಲ್ಲಿ, ಮೇಲೆರಡು ಕೆಳಗೆರಡು, ನಾಲ್ಕು ದೊಡ್ಡ ಹಲ್ಲುಗಳು ಸದ್ದಿಲ್ಲದೆ ಬಂದು ನಿಲ್ಲುವವು. ಅವು ಬರುವದಕ್ಕಾಗಿ ಯಾವ ಹಲ್ಲೂ ಬೀಳುವದಿಲ್ಲ. ರಕ್ತವಿಲ್ಲ, ಸಂದಿಯಿಲ್ಲ, ಸಂಭ್ರಮವೂ ಇಲ್ಲ. ಬಾಳಿನ ಕಡೆಯವರೆಗೆ ಅನ್ನವನ್ನು ಅರೆದು ಕೊಡಬೇಕಾದ ಈ ನಾಲ್ವರನ್ನು ಎದುರುಗೊಳ್ಳುವವರು ಮನೆಯಲ್ಲಿ ಯಾರೂ ಇರುವದಿಲ್ಲ.

ಈ ಸ್ಮರಣಸಂಚಿಕೆಯನ್ನು ಓದುವ ವಿದ್ಯಾರ್ಥಿನಿಯರಲ್ಲಿ ಅನೇಕರ ಮನೆಯಲ್ಲಿ ಐದಾರು ವರುಷದ ತಮ್ಮನೋ ತಂಗಿಯೋ ಇರುವದು ಸಹಜವು. ಆ ಕೂಸಿನ ಬಾಯಿಯಲ್ಲಿ ಈಗ ನಡೆದಿರುವ ಕಾರ್ಯವು ಎಂತಹದು, ಅದಕ್ಕೆ ನಾವು ಕೊಡಬೇಕಾದ ಲಕ್ಷ್ಯವು ಎಷ್ಟು, ಆ ಹೊಣೆಯಲ್ಲಿ ಮನೆಯೊಡನೆ ಶಾಲೆಯೂ ಏಕೆ ಪಾಲುಗೊಳ್ಳತಕ್ಕದ್ದು ಎಂಬದನ್ನು ವಿಚಾರಿಸುವದೇ ಈ ಲೇಖದ ಉದ್ದೇಶವು. ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುವೆವು: ಮಗುವು ಒಂದನೆಯ ಇಯತ್ತೆಗೆ ಕಾಲಿಡುವ ವರುಷವೂ ಈ ಹಲ್ಲು ಬಾಯಿಗೆ ಕಾಲಿಡುವ ವರುಷವೂ ಒಂದೇ, ಆದುದರಿಂದ ಮಗುವಿನ ಹೆಸರನ್ನು ಪಟದಲ್ಲಿ ಬರೆದುಕೊಳ್ಳುವ ಶಾಲೆಯು ಅದರ ಬಾಯಿಯನ್ನೂ ಒಮ್ಮೆ ತೆರೆದು ನೋಡತಕ್ಕದ್ದು.

ಮೊದಲು ಎಣಿಕೆಯನ್ನು ಸರಿಪಡಿಸಿಕೊಳ್ಳುವಾ. ಹಾಲುಹಲ್ಲುಗಳು ಒಟ್ಟು ೨೦. ಬಾಯಿಯನ್ನು ನಾಲ್ಕು ಪಾಲು ಮಾಡಿದರೆ ಪಾಲಿಗೆ ಐದರಂತೆ: ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ಹಾಲುದವಡೆ. ದೊಡ್ಡವರ ಹಲ್ಲುಗಳು ೩೨. ಇವುಗಳಲ್ಲಿ ೨೦ ಹಲ್ಲುಗಳು ಹಾಲುಹಲ್ಲುಗಳನ್ನು ಕೆಳಗಿಳಿಸಿ ಅವುಗಳ ಸ್ಥಾನದಲ್ಲಿಯೇ ಕೂಡ್ರುವವು. ಉಳಿದ ೧೨ ಹಲ್ಲುಗಳು ಯಾರ ಸ್ಥಾನವನ್ನೂ ಕಸಿದುಕೊಳ್ಳುವದಿಲ್ಲ. ಹಾಲುಹಲ್ಲುಗಳ ಸಾಲು ಮುಗಿದಲ್ಲಿಂದ ಹಿಂದಕ್ಕೆ ಹೊಸ ಸ್ಥಾನವನ್ನು ಮಾಡಿಕೊಂಡು ಒಂದರ ಹಿಂದೊಂದರಂತೆ ಬರುವವು. ಇವೇ ನಿಜವಾದ ಸ್ಥಿರ ದವಡೆಹಲ್ಲುಗಳು. ನಮ್ಮ ಕಡೆಯ ಆಡುಮಾತಿನಲ್ಲಿ ದಾಡೆಗಳು. ಪಾಲಿಗೆ ಮೂರರಂತೆ ಮೊದಲನೆಯದು ಆರು ಏಳು ವರುಷಕ್ಕೆ, ಎರಡನೆಯದು ಹನ್ನೆರಡರ ಸುಮಾರಿಗೆ, ಮೂರನೆಯದಾದ ಬುದ್ಧಿಹಲ್ಲು ಹದಿನೇಳರಿಂದ ಇಪ್ಪತ್ತೊಂದರ ನಡುವೆ ಕಾಣಿಸಿಕೊಳ್ಳುವದು ವಾಡಿಕೆ. ಮುಂಬಾಯಿಯ ನಡುಗೆರೆಯಿಂದ ಎಣಿಸುತ್ತ ಹೋದರೆ ಮೊದಲನೆಯ ದಾಡೆಯು ಆರನೆಯ ಹಲ್ಲಾಗುವದು. ಆರನೆಯ ವರುಷಕ್ಕೆ ಆರನೆಯ ಹಲ್ಲು: ಇಷ್ಟನ್ನು ನೆನಪಿಟ್ಟುಕೊಂಡ ಹುಡುಗಿಯು ಕನ್ನಡಿಯೂ ಇಲ್ಲದೆ, ಬೆರಳಿನಿಂದಲೇ, ತಂಗಿಯ ಬಾಯಿಯಲ್ಲಿ ಅದನ್ನು ಗುರುತಿಸಬಲ್ಲಳು.

ನಮ್ಮ ಪೂರ್ವಿಕರು ಈ ಭೇದವನ್ನು ಅರಿಯದವರೇನಲ್ಲ. ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’, ಅಂದರೆ ಎರಡು ಸಲ ಹುಟ್ಟುವದು, ಎಂಬ ಹೆಸರುಂಟು. ಬಾಲರೋಗಗಳನ್ನು ಕುರಿತ ಪ್ರಾಚೀನ ವೈದ್ಯಗ್ರಂಥವಾದ ಕಾಶ್ಯಪಸಂಹಿತೆಯಲ್ಲಿ ಹಲ್ಲುಗಳ ಹುಟ್ಟನ್ನು ಕುರಿತೇ ಒಂದು ಅಧ್ಯಾಯವಿದ್ದು, ೩೨ ಹಲ್ಲುಗಳಲ್ಲಿ ಎಂಟು ಮಾತ್ರ ಒಂದೇ ಸಲ ಹುಟ್ಟುವವು, ಮಿಕ್ಕವು ದ್ವಿಜಗಳು ಎಂದು ಹೇಳಿದೆ. ಇಂದಿನ ಎಣಿಕೆಯಂತೆ ಒಂದೇ ಸಲ ಹುಟ್ಟುವವು ೧೨, ಅಂತರವು ನಾಲ್ಕರದು. ಆ ನಾಲ್ಕು ಹಲ್ಲುಗಳು ಈ ಆರು ವರುಷದವುಗಳೇ ಆಗಿರಬೇಕೆಂದು ನಮ್ಮ ಊಹೆ. ಹಾಲುಹಲ್ಲುಗಳೆಲ್ಲ ಇನ್ನೂ ನಿಂತಿರುವಾಗಲೇ ಅವುಗಳ ಸಾಲಿಗೆ ಬಂದು ಸೇರುವ ಹಲ್ಲನ್ನು ಅವುಗಳಲ್ಲೊಂದೆಂದು ಭಾವಿಸುವದು ಅಷ್ಟು ಸುಲಭವು. ಶಾಸ್ತ್ರಕಾರರ ಎಣಿಕೆಯಿಂದಲೇ ತಪ್ಪಿಸಿಕೊಂಡಿರಬಹುದಾದ ಹಲ್ಲು ಅಡಿಗೆಮನೆಯ ತಾಯಿಯ ಕಣ್ಣಿನಿಂದ ತಪ್ಪಿಸಿಕೊಂಡರೆ ಆಶ್ಚರ್ಯವೇನು? ಆದರೆ ಈ ತಪ್ಪಿನ ಫಲವನ್ನು ಉಣ್ಣುವದು ಮಗುವು. “ಬೀಳುವ ಹಲ್ಲು ತಾನೆ, ಹುಳುಕಾದರೇನಾಯಿತು? ಮತ್ತೆ ಬರುವದು” ಎಂಬ ಮಾತು ಹಾಲುಹಲ್ಲಿನ ವಿಷಯದಲ್ಲಿಯೇ ಪೂರ್ಣ ಸತ್ಯವಲ್ಲ, ಈ ದಾಡೆಯ ವಿಷಯದಲ್ಲಂತೂ ಅದು ಪೂರ್ಣ ಸುಳ್ಳು.

ಈ ಹಲ್ಲು ಆರನೆಯ ವರುಷದಲ್ಲಿ ಕಾಣಿಸಿಕೊಳ್ಳುವದೇ ಹೊರತು ಆರನೆಯ ವರುಷದಲ್ಲಿ ಹುಟ್ಟುವದಲ್ಲ. ಅದರ ಅಂಕುರವು ತಾಯಿಯ ಗರ್ಭದಲ್ಲಿ, ನಾಲ್ಕನೆಯ ತಿಂಗಳ ಸುಮಾರಿಗೇ, ಹಾಲುದವಡೆಗಳ ಹಿಂದೆ ಮೂಡುವದು. ಬಾಯಿಯೊಳಗಿನ ತೆಳುವಾದ ಹೊದಿಕೆಯು ಒಂದು ಪಟ್ಟಿಯಂತೆ ದವಡೆಯೊಳಕ್ಕೆ ಇಳಿದು, ಹಿಂದಕ್ಕೆ ಹಿಂದಕ್ಕೆ ಬೆಳೆಯುತ್ತ, ಅಲ್ಲಲ್ಲಿ ಮೊಗ್ಗೆಗಳನ್ನು ಬಿಡುವದು. ಮೊಗ್ಗೆಯು ಮೊದಲು ಟೊಪ್ಪಿಗೆಯ ಆಕಾರವನ್ನೂ ಆಮೇಲೆ ಗಂಟೆಯ ಆಕಾರವನ್ನೂ ತಾಳುವದು. ಗಂಟೆಯ ಒಳಮೈಯಲ್ಲಿ ಎರಡು ಜಾತಿಯ ಜೀವಕೋಶಗಳು ಎದುರುಬದುರಾಗಿ ನಿಲ್ಲುವವು. ಒಂದು ಜಾತಿಯವು ಹಲ್ಲಿನ ಒಡಲಾದ ಡೆಂಟಿನ್ ಎಂಬ ದ್ರವ್ಯವನ್ನೂ, ಇನ್ನೊಂದು ಜಾತಿಯವು ಅದರ ಮೇಲೆ ಎನಾಮೆಲ್ ಎಂಬ ಗಾಜಿನಂತಹ ಹೊರಕವಚವನ್ನೂ ದಿನಕ್ಕೊಂದು ಪದರದಂತೆ ಕಟ್ಟುತ್ತ ಪರಸ್ಪರ ದೂರ ಸರಿಯುವವು. ಗರ್ಭಸ್ಥ ಶಿಶುವಿನ ದವಡೆಯಲ್ಲಿ ಇಂತಹ ಅಂಕುರಗಳು ಅಡಗಿರುವವೆಂಬದನ್ನು ಇಟಲಿಯ ಶರೀರಶಾಸ್ತ್ರಜ್ಞನಾದ ಯೂಸ್ಟೇಕಿಯು ೧೫೬೩ರಲ್ಲಿಯೇ ತನ್ನ ಗ್ರಂಥದಲ್ಲಿ ವಿವರಿಸಿದ್ದನು.

ಮೊದಲನೆಯ ದಾಡೆಯು ಗಟ್ಟಿಯಾಗತೊಡಗುವದು ಮಗುವು ಹುಟ್ಟುವ ಹೊತ್ತಿಗೆ. ಗರ್ಭವಾಸದಿಂದ ಹೊರಗಿನ ಗಾಳಿಗೆ ಬರುವ ಆ ದೊಡ್ಡ ಬದಲಾವಣೆಯು ಕಟ್ಟಡದ ನಡುವೆ ಒಂದು ಸೂಕ್ಷ್ಮ ಗೆರೆಯನ್ನು ಎಳೆದುಹೋಗುವದು. ಹಾಲುಹಲ್ಲುಗಳಲ್ಲಿಯೂ ಸಾಮಾನ್ಯವಾಗಿ ಈ ಮೊದಲನೆಯ ದಾಡೆಯ ತುದಿಗಳಲ್ಲಿಯೂ ಸೂಕ್ಷ್ಮದರ್ಶಕದಿಂದ ನೋಡಿದರೆ ಆ ಜನ್ಮರೇಖೆಯು ಕಾಣುವದು. ಜಾತಕವನ್ನು ಬರೆಯಿಸದ ಮನೆಯ ಕೂಸಿಗೂ ಅದರ ಹುಟ್ಟಿದ ದಿನದ ಗುರುತು ಹಲ್ಲಿನಲ್ಲಿ ಬರೆದೇ ಇರುವದು! ಅಲ್ಲಿಂದ ಮುಂದೆ ಎರಡೂವರೆ ಮೂರು ವರುಷಗಳಲ್ಲಿ ಹಲ್ಲಿನ ಶಿರೋಭಾಗವು ಪೂರ್ತಿಯಾಗುವದು. ಆಮೇಲೆ ಬೇರುಗಳು ಇಳಿಯತೊಡಗುವವು. ಅವು ಪೂರ್ಣಗೊಳ್ಳುವದು ಒಂಬತ್ತು ಹತ್ತನೆಯ ವರುಷಕ್ಕೆ. ಎರಡನೆಯ ದಾಡೆಯ ಕಟ್ಟಡವು ಮಗುವಿನ ಮೂರನೆಯ ವರುಷದ ಹೊತ್ತಿಗೆ ಆರಂಭವಾಗಿ, ಏಳೆಂಟನೆಯ ವರುಷಕ್ಕೆ ಅದರ ಶಿರಸ್ಸು ಮುಗಿಯುವದು. ಬುದ್ಧಿಹಲ್ಲಿನ ಕೆಲಸವು ಏಳರಿಂದ ಹತ್ತನೆಯ ವರುಷಗಳಲ್ಲಿ ತೊಡಗುವದು. ಇಷ್ಟನ್ನೂ ಎಲುಬಿನೊಳಗಿನ ಕತ್ತಲೆಯಲ್ಲಿ, ಯಾರ ಕಣ್ಣಿಗೂ ಬೀಳದೆ, ಶರೀರವು ನಡೆಯಿಸಿಕೊಂಡು ಹೋಗುವದು.

ಇನ್ನು ಹಲ್ಲಿಗೆ ಸ್ಥಳವು ಬರುವದು ಎಲ್ಲಿಂದ? ಎರಡು ವರುಷದ ಕೂಸಿನ ದವಡೆಯಲ್ಲಿ ಈ ದೊಡ್ಡ ಹಲ್ಲನ್ನು ಇಡಲು ಜಾಗವೇ ಇರುವದಿಲ್ಲ. ಆದರೆ ದವಡೆಯು ಹಿಂಬದಿಯಲ್ಲಿ ಬೆಳೆಯುತ್ತಲೇ ಇರುವದು. ಕೆಳದವಡೆಯಲ್ಲಿ ಕಿವಿಯ ಕಡೆಗೆ ಏರಿಹೋಗುವ ಎಲುಬಿನ ಮುಂದಿನ ಅಂಚು ಕರಗುತ್ತ, ಹಿಂದಿನ ಅಂಚಿಗೆ ಹೊಸ ಎಲುಬು ಕೂಡುತ್ತ, ಹಲ್ಲುಸಾಲಿಗೆ ಹಿಂದುಗಡೆ ಅಂಗಳವು ಉದ್ದವಾಗುವದು. ಮೇಲ್ದವಡೆಯೂ ತನ್ನ ಹಿಂದುಂಡೆಯಲ್ಲಿ ಹಾಗೆಯೇ ವಿಸ್ತರಿಸುವದು. ಅಂಗಳವು ಸಿದ್ಧವಾದಂತೆ, ಹಲ್ಲನ್ನು ಸುತ್ತಿಕೊಂಡಿರುವ ಚೀಲದಂತಹ ಪೊರೆಯು ಮೇಲಿನ ಎಲುಬನ್ನು ಕರಗಿಸುವ ಕೋಶಗಳನ್ನು ಕರೆತಂದು ದಾರಿಯನ್ನು ತೆರೆಯಿಸುವದು. ಬೇರು ಕೆಳಗೆ ಬೆಳೆದು ಹಲ್ಲನ್ನು ಮೇಲಕ್ಕೆ ನೂಕುವದೆಂದು ಬಹುಕಾಲ ನಂಬಿದ್ದರು. ಆದರೆ ಪ್ರಾಣಿಗಳ ಮೇಲೆ ನಡೆಯಿಸಿದ ಪ್ರಯೋಗಗಳಲ್ಲಿ ಆ ಪೊರೆಯನ್ನು ತೆಗೆದಾಗ ಹಲ್ಲು ಏಳದೆ ನಿಂತುಬಿಟ್ಟದ್ದು ಕಂಡುಬಂದುದರಿಂದ, ಬರಿಯ ನೂಕುವಿಕೆಯಲ್ಲ, ದಾರಿ ತೆರೆಯುವಿಕೆಯೇ ಮುಖ್ಯವೆಂದು ಈಗ ತಿಳಿದಿರುವದು. ಕಡೆಗೆ ಬೇರು ಅರ್ಧಕ್ಕಿಂತ ತುಸು ಹೆಚ್ಚು ಬೆಳೆದಿರುವಾಗ ಹಲ್ಲಿನ ಒಂದು ಮೂಲೆಯು ಒಸಡನ್ನು ಸೀಳಿ ಬೆಳಕನ್ನು ಕಾಣುವದು. ಹೆಣ್ಣುಮಕ್ಕಳಲ್ಲಿ ಇದು ಗಂಡುಮಕ್ಕಳಿಗಿಂತ ಕೆಲವು ತಿಂಗಳು ಮೊದಲು. ಕೆಳಗಿನ ಹಲ್ಲು ಮೇಲಿನದಕ್ಕಿಂತ ತುಸು ಮುಂಚೆ.

ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಎನಾಮೆಲನ್ನು ಕಟ್ಟಿದ ಜೀವಕೋಶಗಳು ಹಲ್ಲು ಬಾಯಿಗೆ ಬರುತ್ತಲೇ ಇಲ್ಲದಂತಾಗುವವು. ಮುರಿದ ಎಲುಬು ಕೂಡುವದು, ಕೊಯ್ದ ಚರ್ಮವು ಮಾಯುವದು. ಆದರೆ ಎನಾಮೆಲಿನಲ್ಲಿ ಬಿದ್ದ ತೂತನ್ನು ಮುಚ್ಚಲು ಶರೀರದಲ್ಲಿ ಒಬ್ಬ ಕೆಲಸಗಾರನೂ ಉಳಿದಿರುವದಿಲ್ಲ. ಆದುದರಿಂದ ಆ ಕವಚವು ಕಟ್ಟಲ್ಪಡುವ ಕಾಲದಲ್ಲಿ ಬಂದ ಕೇಡು ಜೀವಮಾನದ ಕೇಡು. ಹುಟ್ಟಿದಂದಿನಿಂದ ಮೂರು ವರುಷಗಳೊಳಗೆ ಮಗುವು ತೀವ್ರ ಬೇನೆಗಳಿಂದ ನರಳಿದರೆ ಮೊದಲನೆಯ ದಾಡೆಯ ಮೇಲೆ ಅದರ ಗುರುತು ಉಳಿಯಬಹುದು. ಟೆಟ್ರಾಸೈಕ್ಲಿನ್ ಎಂಬ ಔಷಧವನ್ನು ಎಂಟು ವರುಷದೊಳಗಿನ ಮಕ್ಕಳಿಗೆ ಕೊಡಲು ವೈದ್ಯರು ಹಿಂಜರಿಯುವದೂ, ಕಟ್ಟುತ್ತಿರುವ ಹಲ್ಲುಗಳಲ್ಲಿ ಅದು ಬಣ್ಣವಾಗಿ ಕೂತುಬಿಡುವದೆಂಬ ಕಾರಣದಿಂದಲೇ.

ಇದಕ್ಕೆ ದೂರದ ದೃಷ್ಟಾಂತವು ಬೇಡ. ೧೯೯೭ರವರೆಗೆ ನಮ್ಮ ಧಾರವಾಡ ಜಿಲ್ಲೆಯೊಳಗೇ ಇದ್ದು ಈಗ ಗದಗ ಜಿಲ್ಲೆಗೆ ಸೇರಿರುವ ಮುಂಡರಗಿ ತಾಲೂಕಿನ ಅನೇಕ ಹಳ್ಳಿಗಳಲ್ಲಿ, ಕಲ್ಲುಪದರಗಳಿಂದ ಕರಗಿ ಬಂದ ಫ್ಲೋರೈಡ್ ಬೋರಿನ ನೀರಿನಲ್ಲಿ ಮಿತಿಮೀರಿ ಕಂಡುಬಂದಿರುವದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೧ ಮಿಲಿಗ್ರಾಮಿನೊಳಗಿರಬೇಕು, ಬೇರೆ ನೀರೇ ಇಲ್ಲದಲ್ಲಿಯೂ ೧.೫ ಮಿಲಿಗ್ರಾಮನ್ನು ಮೀರಕೂಡದು ಎಂದು ನಮ್ಮ ದೇಶದ ನಿಯಮವಿದೆ. ಮಿತಿಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳು ಸುಣ್ಣದಂತೆ ಬಿಳಿಚಿ, ಕಂದು ಕಲೆಗಳನ್ನು ತಾಳಿ, ಹೆಚ್ಚಾದಲ್ಲಿ ಒರಟೊರಟಾಗಿ ಸವೆಯುವವು. ಹತ್ತನೆಯ ವರುಷದಲ್ಲಿ ಹುಡುಗಿಯು ಕನ್ನಡಿಯಲ್ಲಿ ಕಂಡು ನಾಚಿ ಬಾಯಿ ಮುಚ್ಚಿಕೊಂಡು ನಗುವ ಆ ಕಲೆಯು ಅವಳು ತೊಟ್ಟಿಲಲ್ಲಿದ್ದಾಗ, ಅಂಬೆಗಾಲಿಡುತ್ತಿದ್ದಾಗ ಕುಡಿದ ನೀರಿನದು. ದೊಡ್ಡವಳಾದ ಮೇಲೆ ಅವಳನ್ನು ತಂದು ಮಲಪ್ರಭೆಯ ನೀರು ಕುಡಿಸಿದರೆ ಆ ಕಲೆಯು ಹೋಗದು. ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗದು, ಇನ್ನಷ್ಟು ದಟ್ಟವಾಗುವದು. ಹೀಗೆ ನೋಡಿದರೆ ಹಲ್ಲಿನ ಆರೈಕೆಯು ಹಲ್ಲು ಕಾಣುವ ಐದಾರು ವರುಷಗಳ ಮೊದಲೇ, ಬಸುರಿ ಬಾಣಂತಿಯರ ಊಟದಲ್ಲಿ, ಕೂಸಿನ ನೀರಿನ ಲೋಟದಲ್ಲಿ ಆರಂಭವಾಗಿರತಕ್ಕದ್ದು.

ಹಲ್ಲು ಹೊರಬಿದ್ದ ಮೇಲಿನ ಅಪಾಯವು ಬೇರೆ ತರದ್ದು. ಮೂಲೆಯು ಕಂಡಂದಿನಿಂದ ಎದುರಿನ ಹಲ್ಲಿಗೆ ತಾಗುವ ಮಟ್ಟವನ್ನು ಮುಟ್ಟುವವರೆಗೆ ಅನೇಕ ತಿಂಗಳುಗಳು ಬೇಕು. ಅಲ್ಲಿಯವರೆಗೆ ಅದು ಸಾಲಿಗಿಂತ ತಗ್ಗಿನಲ್ಲಿ, ಅರೆಬರೆ ಒಸಡಿನ ಸೆರಗನ್ನು ಹೊದ್ದುಕೊಂಡು ನಿಂತಿರುವದು. ಬ್ರಶ್ಶಿನ ಕೂದಲು ಎತ್ತರದ ಹಾಲುದವಡೆಯ ಮೇಲೆ ಹಾದುಹೋಗುವದೇ ಹೊರತು ಈ ತಗ್ಗಿಗೆ ಇಳಿಯುವದಿಲ್ಲ. ಅರೆಯುವ ಕಲ್ಲಿಗೆ ಕಚ್ಚು ಹಾಕಿದಂತೆ ಈ ಹಲ್ಲಿನ ತಲೆಯ ಮೇಲೆ ಆಳವಾದ ಗೀರುಗಳಿರುವವು. ಕೆಲವು ಗೀರುಗಳೊಳಗೆ ಬ್ರಶ್ಶಿನ ಒಂದು ಕೂದಲೂ ಹೊಗಲಾರದು. ಮೇಲಾಗಿ ಹೊಸ ಎನಾಮೆಲು ಇನ್ನೂ ಎಳೆಯದು. ಜೊಲ್ಲಿನಲ್ಲಿಯ ಖನಿಜಗಳನ್ನು ಹೀರಿ ಅದು ಬಲಿಯಲು ಒಂದೆರಡು ವರುಷಗಳು ಹಿಡಿಯುವವು. ಚಹದಲ್ಲಿ ಅದ್ದಿದ ಬಿಸ್ಕೀಟಿನ ಹಿಟ್ಟು, ಪೆಪ್ಪರಮಿಂಟಿನ ಸಕ್ಕರೆ, ನಮ್ಮೂರ ಹೆಮ್ಮೆಯಾದ ಫೇಡೆಯ ಜಿಗುಟು, ಎಲ್ಲವೂ ಆ ಗೀರುಗಳಲ್ಲಿ ಕೂತು, ಬಾಯಿಯ ಸೂಕ್ಷ್ಮಜೀವಿಗಳಿಗೆ ಉಣಿಸಾಗಿ, ಆಮ್ಲವಾಗಿ ಮಾರ್ಪಟ್ಟು ಹಲ್ಲನ್ನು ಕೊರೆಯುವವು. ಹುಳುಕು ತಿರುಳನ್ನು ಮುಟ್ಟಿತೆಂದರೆ ಇನ್ನೂ ಅರ್ಧವೇ ಬೆಳೆದ ಬೇರು ಅಲ್ಲಿಯೇ ನಿಂತುಹೋಗಬಹುದು. ಮಗುವು ರಾತ್ರಿಯೆಲ್ಲ ಅಳುವದು, ಒಂದೇ ಬದಿಯಲ್ಲಿ ಅಗಿಯುವದು, ಖಡಕ ರೊಟ್ಟಿಯನ್ನು ಒಲ್ಲೆನ್ನುವದು, ಶಾಲೆ ತಪ್ಪಿಸುವದು. ಕಡೆಗೆ ಹಲ್ಲನ್ನು ಕೀಳಿಸುವದು.

ಕಿತ್ತ ಮೇಲಾದರೂ ತೊಂದರೆ ಮುಗಿಯಿತೇ? ಇಲ್ಲ. ಅಮೇರಿಕದ ಎಡ್ವರ್ಡ್ ಆಂಗಲರು ೧೮೯೯ರಲ್ಲಿ ಹಲ್ಲುಸಾಲುಗಳ ಹೊಂದಿಕೆಯನ್ನು ವರ್ಗೀಕರಿಸಿದಾಗ ಈ ಮೊದಲನೆಯ ದಾಡೆಯನ್ನೇ ಆಧಾರವಾಗಿ ಹಿಡಿದರು. ಇಂದಿಗೂ ವಕ್ರದಂತಗಳ ವೈದ್ಯರು ಮೊದಲು ನೋಡುವದು ಇದನ್ನೇ. ಮನೆಗೆ ನಡುಗಂಬವಿದ್ದಂತೆ ಸಾಲಿಗೆ ಈ ಹಲ್ಲು. ಅದು ಹೋದರೆ ಹಿಂದಿನದು ಮುಂದಕ್ಕೆ ವಾಲುವದು, ಎದುರಿನದು ಆಸರೆಯಿಲ್ಲದೆ ಕೆಳಗಿಳಿಯುವದು. ಹಾಲುದವಡೆಯನ್ನು ಹೊತ್ತಿಗೆ ಮುಂಚೆ ಕಳೆದುಕೊಂಡರೂ ಇಂತಹದೇ ಅನರ್ಥವು: ಆರು ವರುಷದ ದಾಡೆಯು ಮುಂದಕ್ಕೆ ಜರುಗಿ, ಮುಂದೆ ಬರಬೇಕಾದ ಹಲ್ಲಿನ ಜಾಗವನ್ನು ಆಕ್ರಮಿಸಿ, ಅದನ್ನು ಸೊಟ್ಟಾಗಿ ಹುಟ್ಟುವಂತೆ ಮಾಡುವದು. ಆದುದರಿಂದಲೇ ‘ಬೀಳುವ ಹಲ್ಲು ತಾನೆ’ ಎಂಬ ಮಾತು ಹಾಲುಹಲ್ಲಿಗೂ ಪೂರ್ತಿ ಸಲ್ಲದೆಂದು ಮೇಲೆ ಹೇಳಿದ್ದು.

ಈಗ ಶಾಲೆಯ ಮಾತಿಗೆ ಬರುವಾ. ಜನನದ ದಾಖಲೆಗಳಿಲ್ಲದ ಕಾಲದಲ್ಲಿ ನಮ್ಮ ಹಳ್ಳಿಯ ಮಾಸ್ತರರು ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ತರಿಸಿ ಎಡಗಿವಿಯನ್ನು ಮುಟ್ಟಿಸಿ ನೋಡುತ್ತಿದ್ದರು. ಕೈ ಮುಟ್ಟಿದರೆ ಆರು ವರುಷವಾಯಿತೆಂದು ಹೆಸರು ಹಚ್ಚಿಕೊಳ್ಳುವದು, ಮುಟ್ಟದಿದ್ದರೆ ಮುಂದಿನ ವರುಷ ಬಾ ಎನ್ನುವದು. ಇಂಗ್ಲಂಡದಲ್ಲಿ ಇದೇ ತರದ ಪರೀಕ್ಷೆಯೊಂದು ಹಲ್ಲಿನಿಂದ ನಡೆಯಿತು, ಆದರೆ ಶಾಲೆಗಾಗಿ ಅಲ್ಲ, ಗಿರಣಿಗಾಗಿ. ‘ಗಿರಣಿ ಚಾಳ’ ಎಂಬ ಓಣಿಯ ಹೆಸರನ್ನು ಇಂದಿಗೂ ಉಳಿಸಿಕೊಂಡಿರುವ ಹುಬ್ಬಳ್ಳಿಯವರಿಗೆ ಗಿರಣಿಯೆಂದರೇನೆಂಬದನ್ನು ಹೇಳಬೇಕಾದದ್ದಿಲ್ಲ. ೧೮೩೩ರ ಕಾನೂನು ಒಂಬತ್ತು ವರುಷದೊಳಗಿನ ಮಕ್ಕಳನ್ನು ಅಲ್ಲಿಯ ಬಹುತೇಕ ಬಟ್ಟೆಯ ಗಿರಣಿಗಳಿಂದ ದೂರವಿಟ್ಟಿತು. ಆದರೆ ಬಡ ತಂದೆತಾಯಿಗಳೂ ಗಿರಣಿಯವರೂ ಮಗುವಿನ ವಯಸ್ಸನ್ನು ಏರಿಸಿ ಹೇಳುವರು. ಸುಳ್ಳನ್ನು ಹಿಡಿಯುವ ಬಗೆ ಯಾವದು? ೧೮೩೬ರಲ್ಲಿ ಥಾಮ್ಸನ್ನರೆಂಬ ವೈದ್ಯರು, ಈ ಮೊದಲನೆಯ ದಾಡೆಯು ಹುಟ್ಟಿರದಿದ್ದರೆ ಮಗುವಿಗೆ ಏಳು ವರುಷ ತುಂಬಿಲ್ಲವೆಂದೇ ತಿಳಿಯತಕ್ಕದ್ದು ಎಂದರು. ಮರುವರುಷ ಎಡ್ವಿನ್ ಸಾಂಡರ್ಸರೆಂಬ ದಂತವೈದ್ಯರು ಸಾವಿರಕ್ಕೂ ಮೇಲ್ಪಟ್ಟು ಮಕ್ಕಳ ಬಾಯಿಗಳನ್ನು ಪರೀಕ್ಷಿಸಿ, ವಯಸ್ಸನ್ನು ತಿಳಿಯಲು ಎತ್ತರಕ್ಕಿಂತ ಹಲ್ಲೇ ಹೆಚ್ಚು ನಂಬಿಕೆಗೆ ಅರ್ಹವಾದ ಸಾಕ್ಷಿಯೆಂದು ಪಾರ್ಲಿಮೆಂಟಿನ ಮುಂದಿಟ್ಟರು. ದುಡಿಮೆಗೆ ತಳ್ಳಬಹುದೋ ಕೂಡದೋ ಎಂಬದನ್ನು ತಿಳಿಯಲು ಒಂದು ದೇಶವು ಮಗುವಿನ ಬಾಯಿಯನ್ನು ತೆರೆಯಿಸಿ ನೋಡಿತು. ಮಗುವಿನ ಹಿತಕ್ಕಾಗಿ, ಅದೇ ಹಲ್ಲನ್ನು ಉಳಿಸುವದಕ್ಕಾಗಿ, ಶಾಲೆಯ ಬಾಗಿಲಲ್ಲಿ ನಾವು ಅಷ್ಟನ್ನೇ ಮಾಡಲಾರೆವೇ?

ಮಾಡಿ ತೋರಿಸಿದ ದೇಶವೂ ಉಂಟು. ನ್ಯೂಝಿಲಂಡದಲ್ಲಿ ೧೯೨೧ರಲ್ಲಿ ಶಾಲಾ ದಂತಸೇವೆಯನ್ನು ಆರಂಭಿಸಿ, ತರುಣಿಯರನ್ನು ಆರಿಸಿ ತರಬೇತು ಕೊಟ್ಟು, ‘ದಂತದಾದಿ’ಯರನ್ನಾಗಿ ಮಾಡಿ ಶಾಲೆಗಳಿಗೇ ಕಳುಹಿದರು. ಮಗುವು ಹಲ್ಲುನೋವೆಂದು ಅಳುತ್ತ ವೈದ್ಯರನ್ನು ಹುಡುಕಿಕೊಂಡು ಹೋಗುವ ಬದಲು, ನೋವು ಹುಟ್ಟುವ ಮೊದಲೇ ಆರೈಕೆಯು ಮಗುವಿದ್ದಲ್ಲಿಗೆ ಬಂದಿತು. ಆ ಕಾರ್ಯವನ್ನು ಕಟ್ಟಿ ನಿಲ್ಲಿಸಿದವರು ಹೆಣ್ಣುಮಕ್ಕಳು ಎಂಬದನ್ನು ಹೆಣ್ಣುಮಕ್ಕಳ ಶಾಲೆಯ ಈ ಸಂಚಿಕೆಯಲ್ಲಿ ಒತ್ತಿ ಹೇಳುವದು ತಪ್ಪಾಗಲಾರದು.

ನಮ್ಮಲ್ಲಿ ಏನೂ ಇಲ್ಲವೆಂದು ಗೊಣಗುವದೂ ನ್ಯಾಯವಲ್ಲ. ಹುಬ್ಬಳ್ಳಿ ಧಾರವಾಡಗಳ ನಡುವೆ ಸತ್ತೂರಿನಲ್ಲಿ ೧೯೮೬ರಿಂದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತವೈದ್ಯಕೀಯ ಮಹಾವಿದ್ಯಾಲಯವಿದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿದಂದಿನಿಂದ ಹದಿನೆಂಟು ವರುಷದವರೆಗಿನ ಮಕ್ಕಳನ್ನು ಪರೀಕ್ಷಿಸುವ ಯಾದಿಯಲ್ಲಿ ಹಲ್ಲಿನ ಬೇನೆಯನ್ನೂ ಸೇರಿಸಿದೆ. ನಮ್ಮ ರಾಜ್ಯ ಸರಕಾರವು ದಂತಭಾಗ್ಯವೆಂಬ ಯೋಜನೆಯನ್ನು ರೂಪಿಸಿ ಹಲ್ಲಿಲ್ಲದ ಬಡ ವೃದ್ಧರಿಗೆ ಕಟ್ಟಿಸಿದ ಹಲ್ಲುಗಳನ್ನು ಕೊಡಲು ಮುಂದಾಯಿತು. ಇವೆಲ್ಲ ಸ್ತುತ್ಯವು. ಆದರೆ ಮುಪ್ಪಿನಲ್ಲಿ ಕೃತ್ರಿಮ ಹಲ್ಲುಗಳನ್ನು ಕೊಡುವದು ದಯೆ. ಆರನೆಯ ವರುಷದಲ್ಲಿ ಹುಟ್ಟಿದ ಹಲ್ಲನ್ನು ಉಳಿಸುವದು ಜಾಣತನ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯಲ್ಲಿ ಮೊದಲನೆಯದು ಬಡತನದ ಮಾತು; ಎರಡನೆಯದು ಅನೇಕ ಸಲ ಬರಿಯ ಅಲಕ್ಷ್ಯದ ಮಾತು.

ಇದಕ್ಕೆ ಎರಡು ಆಕ್ಷೇಪಗಳು ಬರುವವು. “ಶಾಲೆಯವರು ಪಾಠ ಹೇಳಬೇಕೋ ಹಲ್ಲು ನೋಡಬೇಕೋ? ಅವರಿಗೆ ಮೊದಲೇ ಜನಗಣತಿ, ಚುನಾವಣೆ, ಬಿಸಿಯೂಟಗಳ ಭಾರ ಸಾಲದೇ?” ಎಂಬದು ಮೊದಲನೆಯದು. ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾವು ಹೇಳೆವು. ಆದರೆ ನಾವು ಬೇಡುವದು ಚಿಕಿತ್ಸೆಯನ್ನಲ್ಲ, ನೋಟವನ್ನು. ಮಗುವಿಗೆ ಬಾಯಿ ತೆರೆಯ ಹೇಳಿ, ಬೆಳಕಿನತ್ತ ಮುಖ ಮಾಡಿಸಿ, ಪಾಲಿಗೆ ಆರನೆಯದಾಗಿ ನಿಂತ ಹಲ್ಲು ಬಂದಿದೆಯೇ, ಬಂದಿದ್ದರೆ ಅದರ ಗೀರುಗಳಲ್ಲಿ ಕಪ್ಪೋ ಕುಳಿಯೋ ಕಾಣುವದೇ ಎಂಬದನ್ನು ನೋಡಲು ಒಂದು ನಿಮಿಷ ಸಾಕು. ಕಂಡುದನ್ನು ಒಂದು ಚೀಟಿಯಲ್ಲಿ ಬರೆದು ಮನೆಗೆ ಕಳುಹಿದರೆ ಆಯಿತು. ವರುಷಕ್ಕೊಮ್ಮೆ ಬಂದುಹೋಗುವ ವೈದ್ಯರ ಮೇಳವು ಇದರ ಸ್ಥಾನವನ್ನು ತುಂಬಲಾರದು; ಏಕೆಂದರೆ ಹಲ್ಲು ವೈದ್ಯರ ಬರವನ್ನು ಕಾದುಕೊಂಡು ಹುಟ್ಟುವದಿಲ್ಲ. ವರುಷವಿಡೀ ಮಗುವನ್ನು ಕಾಣುವವರು ಮನೆಯವರನ್ನು ಬಿಟ್ಟರೆ ಶಿಕ್ಷಕಿಯರೇ.

“ದಂತವೈದ್ಯರೆಂದರೆ ಖರ್ಚು, ಕೂಲಿ ಮಾಡುವವರು ಏನು ಮಾಡಬೇಕು?” ಎಂಬದು ಎರಡನೆಯ ಆಕ್ಷೇಪವು. ಖರ್ಚಿನ ಭಯವು ನಿಜವಾದದ್ದು. ಆದರೆ ತಡಮಾಡಿದಷ್ಟೂ ಆ ಖರ್ಚು ಬೆಳೆಯುವದು. ಹುಳುಕು ಹತ್ತುವ ಮುಂಚೆ ಈ ಹಲ್ಲಿನ ಗೀರುಗಳನ್ನು ಒಂದು ಲೇಪದಿಂದ ಮುಚ್ಚಿಬಿಡುವ ಉಪಾಯವುಂಟು. ೧೯೫೫ರಲ್ಲಿ ಅಮೇರಿಕದ ಬುವೊನೊಕೋರರು, ಎನಾಮೆಲನ್ನು ಸೌಮ್ಯವಾದ ಆಮ್ಲದಿಂದ ತುಸು ಒರಟು ಮಾಡಿದರೆ ಅದರ ಮೇಲೆ ರಾಳದಂತಹ ದ್ರವ್ಯವು ಭದ್ರವಾಗಿ ಅಂಟುವದೆಂದು ತೋರಿಸಿಕೊಟ್ಟರು. ಅದರಿಂದ ಹುಟ್ಟಿದ್ದೇ ಈ ಲೇಪವು. ಸೂಜಿಯಿಲ್ಲ, ಕೊರೆಯುವದಿಲ್ಲ, ನೋವಿಲ್ಲ. ಕೆಲವು ನಿಮಿಷಗಳ ಕೆಲಸವು. ಅ ಆ ಇ ಈ ಕಲಿಯುವ ಮಗುವಿಗೆ ಈ ಲೇಪವನ್ನು ಹಾಕಿಸುವದು, ಮುಂದೆ ಅದರ ಹಲ್ಲಿನ ತಿರುಳನ್ನು ತೆಗೆಯಿಸಿ ಟೊಪ್ಪಿಗೆ ಹಾಕಿಸುವದಕ್ಕಿಂತ ಎಷ್ಟೋ ಅಗ್ಗವು. ಅದೂ ಕೈಗೆಟುಕದಿದ್ದರೆ, ಕೈಗೆಟುಕುವ ಕೆಲಸಗಳು ಬೇಕಾದಷ್ಟಿವೆ.

ಅವು ಯಾವವೆಂದರೆ: ಐದೂವರೆ ವರುಷವಾದೊಡನೆ ವಾರಕ್ಕೊಮ್ಮೆ ಮಗುವಿನ ಹಿಂಬಾಯಿಯನ್ನು ನೋಡುವದು. ಹೊಸ ಹಲ್ಲು ಕಂಡೊಡನೆ ಬ್ರಶ್ಶನ್ನು ಸಾಲಿನ ಉದ್ದಕ್ಕಲ್ಲದೆ ಅಡ್ಡಲಾಗಿ, ಕೆನ್ನೆಯ ಬದಿಯಿಂದ ಒಳಗೆ ಹಿಡಿದು, ಆ ತಗ್ಗಿನ ಹಲ್ಲೊಂದನ್ನೇ ಉಜ್ಜುವದು. ಏಳೆಂಟು ವರುಷದವರೆಗೆ ಮಗುವಿನ ಕೈಗೇ ಎಲ್ಲವನ್ನೂ ಬಿಡದೆ ದೊಡ್ಡವರು ಒಮ್ಮೆ ತಮ್ಮ ಕೈಯಿಂದ ಉಜ್ಜುವದು. ಮಲಗುವ ಮುಂಚಿನ ಉಜ್ಜುವಿಕೆಯನ್ನು ಬೆಳಗಿನದಕ್ಕಿಂತ ಮುಖ್ಯವೆಂದು ತಿಳಿಯುವದು. ತಂಬಾಕು ಸುಟ್ಟು ಮಾಡಿದ ಮಿಶ್ರಿಯನ್ನೂ ಇದ್ದಲಿ ಇಟ್ಟಂಗಿಗಳ ಪುಡಿಯನ್ನೂ ಮಕ್ಕಳ ಬಾಯಿಗೆ ಮುಟ್ಟಿಸದಿರುವದು. ಸಿಹಿಯನ್ನು ಪೂರ್ತಿ ನಿಷೇಧಿಸಬೇಕಾಗಿಲ್ಲ. ಊಟದೊಡನೆ ತಿಂದ ಫೇಡೆಗಿಂತ, ದಿನವಿಡೀ ಕಿಸೆಯಿಂದ ತೆಗೆದು ಚೀಪುವ ಪೆಪ್ಪರಮಿಂಟು ಹೆಚ್ಚು ಕೆಡಕಿನದು. ಒಸಡಿನ ಸೆರಗು ಬಾತು ನೋಯುತ್ತಿದ್ದರೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮುಕ್ಕಳಿಸಿ, ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸುವದು. ಆರೆಂಟು ತಿಂಗಳ ಮುಂಚೆಯೋ ಹಿಂದೆಯೋ ಹಲ್ಲು ಬಂದಿತೆಂದು ಗಾಬರಿಯಾಗಬೇಕಾದದ್ದಿಲ್ಲ; ಆದರೆ ಒಂದು ಬದಿಯದು ಬಂದು ಬಹಳ ತಿಂಗಳಾದರೂ ಇನ್ನೊಂದು ಬದಿಯದು ಬಾರದಿದ್ದರೆ ತೋರಿಸತಕ್ಕದ್ದು.

ಸಹೋದರಿಯರೇ, ಈ ಲೇಖವನ್ನು ಓದುವ ನಿಮ್ಮ ಬಾಯಿಯಲ್ಲಿಯೂ ಒಂದು ಕಾರ್ಯವು ನಡೆದಿದೆ. ನಿಮ್ಮಲ್ಲಿ ಕಿರಿಯರಾದವರಿಗೆ ಹನ್ನೆರಡರ ದಾಡೆಯು ಈಗ ತಾನೆ ಬಂದಿರಬಹುದು, ಇಲ್ಲವೆ ಒಸಡಿನ ಕೆಳಗೆ ಕಾದಿರಬಹುದು. ಅದರ ಬೇರುಗಳು ಪೂರ್ತಿಯಾಗುವದು ನೀವು ಹೈಸ್ಕೂಲನ್ನು ಬಿಡುವ ಹೊತ್ತಿಗೆ. ಆರು ವರುಷದ ಹಲ್ಲಿನ ಬಗೆಗೆ ಹೇಳಿದ ಎಚ್ಚರಗಳೆಲ್ಲ ಅದಕ್ಕೂ ಸಲ್ಲುವವು. ಹೆಣ್ಣುಮಗಳ ನೋವನ್ನು ‘ನಾಳೆ ನೋಡುವಾ’ ಎಂದು ಮುಂದಕ್ಕೆ ಹಾಕುವ ಮನೆಗಳು ನಮ್ಮಲ್ಲಿ ಇನ್ನೂ ಕಡಿಮೆಯಾಗಿಲ್ಲ. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ತಾಯಂದಿರು ತಮ್ಮ ಹಲ್ಲಿನ ನೋವನ್ನು ಲವಂಗದ ಎಣ್ಣೆಯಿಂದಲೇ ವರುಷಗಟ್ಟಲೆ ಸಂತೈಸಿಕೊಂಡು ಬಂದಿರುವರು. ಆ ಸಹನೆಯನ್ನು ಗೌರವಿಸೋಣ. ಆದರೆ ಅದನ್ನು ಮಕ್ಕಳಿಗೆ ಬಳುವಳಿಯಾಗಿ ಕೊಡುವದು ಬೇಡ. ನೋವನ್ನು ಬಾಯಿ ಬಿಟ್ಟು ಹೇಳುವದು ಹಟಮಾರಿತನವಲ್ಲ.

ಆದುದರಿಂದ ನಮ್ಮ ಬೇಡಿಕೆಯು ಇಷ್ಟೇ. ಹುಬ್ಬಳ್ಳಿ ಧಾರವಾಡಗಳ ಪ್ರತಿಯೊಂದು ಪ್ರಾಥಮಿಕ ಶಾಲೆಯು ಒಂದನೆಯ ಇಯತ್ತೆಯ ಮಕ್ಕಳ ಹಲ್ಲುಗಳನ್ನು ಸೇರಿಕೆಯ ಸಮಯಕ್ಕೊಮ್ಮೆ, ಆರು ತಿಂಗಳ ಮೇಲೊಮ್ಮೆ ನೋಡಿ ಬರೆದಿಡಲಿ. ಹೈಸ್ಕೂಲಿನ ಹಿರಿಯ ವಿದ್ಯಾರ್ಥಿನಿಯರು, ಶಿಕ್ಷಕಿಯರ ಜೊತೆಯಲ್ಲಿ, ಸಮೀಪದ ಕಿರಿಯ ಶಾಲೆಗಳಿಗೆ ಹೋಗಿ ಈ ಕೆಲಸದಲ್ಲಿ ನೆರವಾಗಲಿ. ದಂತವೈದ್ಯಕೀಯ ಮಹಾವಿದ್ಯಾಲಯದವರನ್ನು ಕೇಳಿಕೊಂಡರೆ ನೋಡುವ ಕ್ರಮವನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಿಕೊಟ್ಟಾರು. ಇದರಲ್ಲಿ ಸರಕಾರದ ಅಪ್ಪಣೆಗಾಗಿ ಕಾಯಬೇಕಾದದ್ದೂ ದೊಡ್ಡ ನಿಧಿಯನ್ನು ಕೂಡಿಸಬೇಕಾದದ್ದೂ ಯಾವದೂ ಇಲ್ಲ. ಬೇಕಾದದ್ದು ಬೆಳಕು, ಒಂದು ಪಟ, ಎಣಿಸಬಲ್ಲ ಕಣ್ಣು. ಈ ಹೊತ್ತಿನ ಸಂಜೆ ಮನೆಗೆ ಹೋದೊಡನೆ ನಿಮ್ಮ ತಮ್ಮನನ್ನೋ ತಂಗಿಯನ್ನೋ ಕಿಟಕಿಯ ಬಳಿ ನಿಲ್ಲಿಸಿ ನಡುಗೆರೆಯಿಂದ ಎಣಿಸಿರಿ. ಆರನೆಯದು ಬಂದಿದ್ದರೆ, ಅದು ಇನ್ನು ಬೀಳತಕ್ಕದ್ದಲ್ಲವೆಂದು ಮನೆಯವರಿಗೆ ಹೇಳಿರಿ.